ಅಜ್ಜಿಯರಿಗೆ ಮೊದಲು ಸಂಬಳ, ಆಮೇಲೆ ಸೇವೆ: ನಮ್ಮ ಹೈಸ್ಕೂಲಿನ ಕೌದಿ ಶನಿವಾರ

ಹಳಿಯಾಳ ಸೀಮೆಯ ನಮ್ಮ ಕಥೋಲಿಕ ಹೈಸ್ಕೂಲಿನಲ್ಲಿ ಸಿದ್ದಿಗಳ (ಹಿಂದೆ ಆಫ್ರಿಕಾದಿಂದ ಬಂದವರ ಸಂತತಿ) ಸಂಸ್ಕೃತಿ ಅಂದರೆ ವರ್ಷಕ್ಕೊಂದು ಡಮಾಮಿ ಕುಣಿತ, ಸಮಾಜಸೇವೆ ಅಂದರೆ ಅವರ ವಾಡೆಗೆ, ಅಂದರೆ ಕೇರಿಗೆ, ಹೋಗಿ ಹಳೆ ಬಟ್ಟೆ ಹಂಚಿ ಫೋಟೋ ತೆಗೆಸಿಕೊಳ್ಳುವುದು. ಇವೆರಡನ್ನೂ ಬಿಟ್ಟು, ಅದೇ ಹಳೆ ಬಟ್ಟೆ ತುಂಡು ಸೇರಿಸಿ ಕೌದಿ ಹೊದಿಕೆ ಹೊಲಿಯುವುದನ್ನು ಕಲಿಸಲು ಸಿದ್ದಿ ಅಜ್ಜಿಯರನ್ನೇ ಸಂಬಳ ಕೊಟ್ಟು ಮೇಷ್ಟ್ರಾಗಿ ಕರೆಸೋಣ ಅಂದಾಗ ಸ್ಟಾಫ್ ರೂಮಿನಲ್ಲಿ ನಕ್ಕಿದ್ದೇ ಹೆಚ್ಚು. ಈಗ ನಕ್ಕವರೇ ಮೊಮ್ಮಕ್ಕಳಿಗೊಂದು ಕೌದಿ ಬೇಕೆನ್ನುತ್ತಾರೆ. ಸರದಿ ಬರಲಿ, ನೋಡೋಣ.

ದೊಡ್ಡ ಕೌದಿಗೆ ಕೈ ಹಾಕಲೇಬೇಡಿ. ನಾಲ್ಕಡಿ ಅಗಲ, ಆರಡಿ ಉದ್ದದ್ದಕ್ಕೆ ಜೋಡಿ ಎಳೆಯ ನೂಲು 400 ಮೀಟರ್ ಹತ್ತಿರ ಬೇಕು, ವರ್ಷ ಮುಗಿದರೂ ಅದು ಮುಗಿಯುವುದಿಲ್ಲ. ತೊಟ್ಟಿಲ ಕೌದಿ ಸಾಕು: ಎರಡೂವರೆ ಅಡಿಗೆ ಮೂರಡಿ, ನೂಲು 130 ಮೀಟರ್ ಆಸುಪಾಸು. ನಾಲ್ಕು ಬದಿಗೆ ನಾಲ್ಕು ಮಕ್ಕಳು ಕೂತು, ವಾರಕ್ಕೆ ಒಂದೂವರೆ ಗಂಟೆ ಹೊಲಿದರೆ ಐದಾರು ಶನಿವಾರಕ್ಕೆ ಕೈಗೆ ಬರುತ್ತದೆ.

ಕ್ರಾಫ್ಟ್ ಟೀಚರುಗಳು ಎಡವುವುದು ಇಲ್ಲೇ. ಚೌಕ ಚೌಕ ತುಂಡು ಹೊಲಿಸಿ ಕೊನೆಗೆ ಜೋಡಿಸಿದರೆ ಕೆಲಸ ಬೇಗ ಆಗುತ್ತದೆ, ನಿಜ. ಆದರೆ ಅದು ಸಿದ್ದಿ ಕೌದಿಯಲ್ಲ. ಅಜ್ಜಿಯರು ಮೂಲೆಯಲ್ಲಿ ಶುರುಮಾಡಿ, ಅಂಚಿನ ಸುತ್ತ ಸಾಗಿ, ಸುತ್ತುತ್ತಲೇ ನಡುವಿಗೆ ಬರುತ್ತಾರೆ. ಅಡಿಯ ಸೀರೆಯ ಅಂಚು ಒಳಗೆ ಮಡಿಸಿ, ಮೇಲಿನ ತುಂಡಿನ ಅಂಚನ್ನೂ ಮಡಿಸಿ, ಎರಡಕ್ಕೂ ಸೇರಿಸಿ ಮೊದಲ ಸಾಲು. ಬೇರೆ ಪಟ್ಟಿ ಕೊಡುವುದಿಲ್ಲ. ತುಂಡಿನ ಒಳಬದಿ ಹಾಗೇ ಬಿಟ್ಟಿರುತ್ತದೆ, ಮುಂದಿನ ತುಂಡು ಅದರ ಮೇಲೆ ಬೆರಳಗಲ ಹತ್ತಿ ಮುಚ್ಚುತ್ತದೆ. ನಡುವಿನ ಪದರದ ಬಟ್ಟೆಯನ್ನು ಸುತ್ತಲೂ ಒಂದಿಂಚು ಸಣ್ಣದಾಗಿ ಕತ್ತರಿಸಿ, ಇಲ್ಲದಿದ್ದರೆ ಅಂಚು ದಪ್ಪಗಾಗಿ ಸೂಜಿ ಇಳಿಯುವುದಿಲ್ಲ.

ನಾಲ್ಕು ಕೈ, ನಾಲ್ಕು ಬಿಗಿ. ಒಬ್ಬ ನೂಲು ಜಗ್ಗಿ ಎಳೆದರೆ, ಪಕ್ಕದವಳು ಸಡಿಲ ಬಿಟ್ಟಿರುತ್ತಾಳೆ. ಮೂರನೇ ವಾರಕ್ಕೆ ನಡುವಿನಲ್ಲಿ ಉಬ್ಬು ಏಳುತ್ತದೆ. ಗುಂಡುಪಿನ್ನು ಚುಚ್ಚಿದರೂ ಅದು ಹೋಗಲಿಲ್ಲ. ಪ್ರತಿ ಸುತ್ತು ಮುಗಿದಾಗ ಮಕ್ಕಳನ್ನು ಬದಿ ಬದಲಿಸಿ ಕೂರಿಸಿ, ಅಂಗೈಯಿಂದ ಬಟ್ಟೆಯನ್ನು ನಡುವಿನತ್ತ ಸವರಿಕೊಂಡು ಹೊಲಿಸಿದ ಮೇಲೆ ನಿಂತಿತು. ಕೊನೆಯ ಅಂಗೈಯಗಲದ ಜಾಗ ಮುಚ್ಚುವುದರಲ್ಲಿ ಒಂದು ಕೈಚಳಕವಿದೆ, ಬರೆಯುವುದಿಲ್ಲ. ಮೂಲೆಗೆ ಹಚ್ಚುವ ಫುಲಾ, ಅಂದರೆ ಬಟ್ಟೆಯ ಹೂವು, ಮಡಿಸುವ ಬಗೆಯನ್ನೂ ಬರೆಯುವುದಿಲ್ಲ; ಅದು ಅಜ್ಜಿಯರ ಸೊತ್ತು, ಬೇಕಾದವರು ಸಂಬಳ ಕೊಟ್ಟು ಕಲಿಯಿರಿ. ಫುಲಾ ಇಲ್ಲದ ಕೌದಿ ಅವರ ಪ್ರಕಾರ ಬತ್ತಲೆ.

ಬಟ್ಟೆಗೆ ಹಳೆ ಕಾಟನ್ ಸೀರೆ, ಲುಂಗಿ, ನೈಟಿ ಆದೀತು. ಪಾಲಿಸ್ಟರ್ ಬೆರೆತರೆ ಒಗೆದಾಗ ಎರಡೂ ಒಂದೇ ಸಮ ಕುಗ್ಗದೆ ಮೇಲ್ಮೈ ಸುಕ್ಕಾಗಬಹುದು. ಹೊಸ ಕೆಂಪು ಬಟ್ಟೆಯನ್ನು ಉಪ್ಪುನೀರಿನಲ್ಲಿ ನೆನೆಸಿಟ್ಟರೂ ನಂಬಬೇಡಿ, ಬಣ್ಣ ಬಿಟ್ಟೀತು. ಹೊಲಿಗೆ ಮಶೀನಿನಲ್ಲೂ ನೋಡಿದೆವು: ಮೂಲೆಯಲ್ಲಿ ಏಳೆಂಟು ಪದರ ಸೇರುವಲ್ಲಿ 18ರ ಸೂಜಿಯೂ ಮುರಿಯಿತು, ಮುರಿಯದ ಕಡೆ ಕೌದಿ ಗೋಣಿಚೀಲದಂತೆ ಸೆಟೆದು ನಿಂತಿತು.

ಖರ್ಚಿನ ಮಾತು. ಅಜ್ಜಿಗೆ ಶನಿವಾರಕ್ಕೆ 400 ರೂಪಾಯಿ, ಬಸ್ ಚಾರ್ಜು, ತಿಂಡಿ. ಹಣ ಅದೇ ದಿನ, ಕೈಗೇ. ಬಿಲ್ಲು, ವೋಚರು, ಮುಂದಿನ ತಿಂಗಳು ಅಂದರೆ ಎರಡನೇ ವಾರ ಯಾರೂ ಬರುವುದಿಲ್ಲ, ಕೂಲಿ ಬಿಟ್ಟು ಬಂದವರು ಯಾಕೆ ಬರಬೇಕು? ನಾಲ್ವರು ಅಜ್ಜಿಯರು, ಹತ್ತು ಹನ್ನೆರಡು ಶನಿವಾರ, ನೂಲು, ಸೂಜಿ ಎಲ್ಲ ಸೇರಿ ವರ್ಷಕ್ಕೆ 22-23 ಸಾವಿರ. ಮ್ಯಾನೇಜ್‌ಮೆಂಟು ಅರ್ಧ ಕೊಟ್ಟಿತು. ಉಳಿದದ್ದು ಚರ್ಚ್ ಹಬ್ಬದಲ್ಲಿ ಕೌದಿ ಮಾರಿ ಬಂತು, ಒಂದಕ್ಕೆ 1,500ರಂತೆ. ಜುಲೈ ನಾಟಿ, ನವೆಂಬರ್-ಡಿಸೆಂಬರಿನ ಕೊಯ್ಲು ಬಿಟ್ಟು ವೇಳೆ ಹಾಕಿ. ಹತ್ತನೆಯವರನ್ನು ಸೇರಿಸಬೇಡಿ, ಎಸ್‌ಎಸ್‌ಎಲ್‌ಸಿ ಹೆಸರಲ್ಲಿ ನಡುವೆಯೇ ಎಳೆದುಕೊಂಡು ಹೋಗುತ್ತಾರೆ.

ಸೇವೆ ಶುರುವಾದದ್ದು ಕೌದಿ ಹೊಲಿಯುತ್ತಾ ಕೂತಾಗಿನ ಮಾತಿನಿಂದ. ವಯಸ್ಸಾದವರಿಗೆ ಸರ್ಕಾರ ಕೊಡುವ ಸಂಧ್ಯಾ ಸುರಕ್ಷಾ ಪಿಂಚಣಿ ನಿಂತ ಕಾರಣ ಹುಡುಕಿದರೆ ಸಿಗುವುದು ಹೆಸರಿನ ಗೋಳು: ಚರ್ಚಿನ ದೀಕ್ಷಾಸ್ನಾನದ ಪುಸ್ತಕದಲ್ಲಿ ಪೋರ್ಚುಗೀಸ್ ಅಡ್ಡಹೆಸರು, ರೇಷನ್ ಕಾರ್ಡಿನಲ್ಲಿ ಬರೇ ಸಿದ್ದಿ, ಆಧಾರಿನಲ್ಲಿ ಕಂಪ್ಯೂಟರಿನವನಿಗೆ ಕೇಳಿಸಿದ್ದು. ಒಂಬತ್ತನೆಯ ಮಕ್ಕಳು ಮನೆಗೊಂದು ಹಾಳೆ ಮಾಡಿ, ಮೂರೂ ಕಡೆಯ ಹೆಸರು, ಹುಟ್ಟಿದ ವರ್ಷ ಅಕ್ಷರ ಅಕ್ಷರ ಇಳಿಸುತ್ತಾರೆ. ತಿದ್ದುಪಡಿ ಆಧಾರಿನಿಂದ ಶುರುವಾಗಬೇಕು, ಉಳಿದವು ಅದರ ಹಿಂದೆ. ಗದ್ದೆ ಕೆಲಸಕ್ಕೆ ಸವೆದ ಬೆರಳಿನ ಗುರುತು ಯಂತ್ರ ಹಿಡಿಯದಿದ್ದರೆ ಕಣ್ಣಿನ ಸ್ಕ್ಯಾನ್ ಕೇಳಿ, ಕೇಳದೆ ಯಾರೂ ಮಾಡುವುದಿಲ್ಲ. ಕಾಡಿನ ಜಮೀನಿನ ಸಾಗುವಳಿಗೆ ಹಕ್ಕು ಕೇಳುವ ಅರಣ್ಯ ಹಕ್ಕಿನ ಅರ್ಜಿಗೆ ಮಾತ್ರ ಮಕ್ಕಳನ್ನು ಬಿಡಬೇಡಿ. 2005ರ ಡಿಸೆಂಬರ್ 13ಕ್ಕಿಂತ ಮೊದಲಿನ ಸಾಗುವಳಿಗೆ ಪುರಾವೆ ಜೋಡಿಸುವುದು ಗ್ರಾಮಸಭೆ, ಅರಣ್ಯ ಹಕ್ಕು ಸಮಿತಿಯ ಕೆಲಸ. ಮಕ್ಕಳದ್ದು ಜೆರಾಕ್ಸ್ ತರುವಷ್ಟೇ. 2003ರಲ್ಲಿ ಸಿದ್ದಿಗಳು ಪರಿಶಿಷ್ಟ ಪಂಗಡವಾದದ್ದರಿಂದ ಜಾತಿ ಪ್ರಮಾಣಪತ್ರದ ಪ್ರತಿಯೂ ಆ ಕಡತದಲ್ಲಿರಲಿ.

ಮಾರದೆ ಉಳಿದ ಕೌದಿ ವಾಡೆಯ ಬಾಣಂತಿಯರಿಗೆ. ಯಾರಿಗೆ ಯಾವುದು ಎಂದು ಅಜ್ಜಿಯರೇ ಹೇಳುತ್ತಾರೆ, ನಾವು ಬಾಯಿ ಹಾಕುವುದಿಲ್ಲ.