ಯುದ್ಧಭೂಮಿಯಿಂದ ಬಂದ ಕ್ರಿಸ್‌ಮಸ್ ಕಾರ್ಡ್: ಹುಡುಕೋದು, ಬಿಡಿಸೋದು, ಕಾಪಾಡೋದು ಹೇಗೆ

ಸ್ಟ್ಯಾಂಪ್ ಕೂಡಿಡೋ ಅಭ್ಯಾಸ ಇರೋರು ಸೈನಿಕರ ಹಳೇ ಕ್ರಿಸ್‌ಮಸ್ ಕಾರ್ಡ್ ಕಡೆ ತಿರುಗಿದಾಗ ಮಾಡೋ ಮೊದಲ ಅನಾಹುತ ಅಂದ್ರೆ ನೀರು. ಸ್ಟ್ಯಾಂಪಾದ್ರೆ ಬಟ್ಟಲಲ್ಲಿ ನೆನೆಸಿ ಬಿಡಿಸ್ತೀವಿ, ಕವರ್ ಬಿಸಾಕ್ತೀವಿ, ಮುಗೀತು. ಇಲ್ಲಿ ಆ ಕವರು, ಅದರ ಮೇಲಿನ ಸೀಲು, ಕಾರ್ಡಿನ ಹಿಂದಿರೋ ನಾಲ್ಕು ಸಾಲು ಪೆನ್ಸಿಲ್ ಬರಹ, ಇವೇ ಆಸ್ತಿ. ಯಾವುದನ್ನೂ ಒಂದರಿಂದ ಇನ್ನೊಂದನ್ನ ಬೇರೆ ಮಾಡಬಾರದು. ಈ ಒಂದು ಮಾತು ಗಟ್ಟಿಯಾಗಿ ಹಿಡ್ಕೊಂಡ್ರೆ ಅರ್ಧ ಕೆಲಸ ಆದಂಗೆ.

ಮೊದಲು, ಏನು ಹುಡುಕ್ತಿದ್ದೀರಿ ಅಂತ ತಿಳ್ಕೊಳ್ಳಿ

ಮೊದಲನೇ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಲ್ಲಿದ್ದ ಬ್ರಿಟಿಷ್ ಸೈನಿಕರು ಮನೆಗೆ ಕಳಿಸ್ತಿದ್ದ ಕಾರ್ಡುಗಳಲ್ಲಿ ಎಲ್ಲರೂ ಮುಗಿಬೀಳೋದು ರೇಷ್ಮೆ ಕಸೂತಿ ಕಾರ್ಡಿಗೆ. ಸೊಳ್ಳೆಪರದೆಯಷ್ಟು ತೆಳ್ಳಗಿನ ರೇಷ್ಮೆ ಬಟ್ಟೆ ಮೇಲೆ ಬಣ್ಣದ ದಾರದಲ್ಲಿ ಹೂವು, ಮಿತ್ರರಾಷ್ಟ್ರಗಳ ಬಾವುಟ, 'ಹ್ಯಾಪಿ ಕ್ರಿಸ್‌ಮಸ್', ಕೆಲವದ್ರಲ್ಲಿ 1915, 1916 ಅಂತ ಇಸವಿ. ಸುತ್ತ ಉಬ್ಬು ಅಚ್ಚಿನ ಕಾಗದದ ಚೌಕಟ್ಟು. ಕೆಲವು ಕಾರ್ಡಿನ ರೇಷ್ಮೆಯಲ್ಲೇ ಒಂದು ಸಣ್ಣ ಜೇಬು ಇರುತ್ತೆ, ಅದರೊಳಗೆ ಬೆರಳಷ್ಟು ಅಗಲದ ಚೀಟಿ, 'ನನ್ನ ಪ್ರೀತಿಯ ಅಮ್ಮನಿಗೆ' ಅನ್ನೋ ತರ. ಕೊಳ್ಳುವಾಗ ಆ ಚೀಟಿ ಇದೆಯಾ ಅಂತ ಕೇಳಿ, ಆದ್ರೆ ಅದು ಬಿಗಿಯಾಗಿ ಕೂತಿದ್ರೆ ಚಿಮಟ ಹಾಕಿ ಎಳೀಬೇಡಿ, ಜೇಬಿನ ಬಾಯೇ ಹರಿದುಹೋಗತ್ತೆ.

ಎರಡನೇದು ರೆಜಿಮೆಂಟು, ಡಿವಿಷನ್‌ಗಳು ತಾವೇ ಅಚ್ಚು ಹಾಕಿಸಿದ ಕಾರ್ಡು, ಮೇಲೆ ಆ ಪಡೆಯ ಲಾಂಛನ, ಮಡಿಕೆಗೆ ರಿಬ್ಬನ್. ಮೂರನೇದು ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರ ಏರ್‌ಗ್ರಾಫ್ ಮತ್ತು ಅಮೆರಿಕದವರ ವಿ-ಮೇಲ್. ಇದರಲ್ಲಿ ಪತ್ರವನ್ನ ಫೋಟೋ ತೆಗೆದು ಮೈಕ್ರೋಫಿಲ್ಮ್ ಮಾಡಿ, ಫಿಲ್ಮ್ ಸುರುಳಿನ ಮಾತ್ರ ಕಳಿಸಿ, ಆ ಕಡೆ ಮತ್ತೆ ಚಿಕ್ಕದಾಗಿ ಪ್ರಿಂಟ್ ಹಾಕಿ ಹಂಚ್ತಿದ್ರು. ಒಂದೂವರೆ ಲಕ್ಷ ಪತ್ರಕ್ಕೆ 37 ಟಪಾಲು ಚೀಲ ಬೇಕಿದ್ದ ಕಡೆ ಒಂದು ಚೀಲ ಸಾಕಾಗ್ತಿತ್ತು, ಹಡಗಲ್ಲಿ ಉಳಿದ ಜಾಗಕ್ಕೆ ಯುದ್ಧ ಸಾಮಾನು. ಏರ್‌ಗ್ರಾಫ್ 1941ರಲ್ಲಿ, ವಿ-ಮೇಲ್ 1942ರ ಜೂನಲ್ಲಿ ಶುರುವಾಯ್ತು. ಈ ಪ್ರಿಂಟೆಲ್ಲ ಕಪ್ಪು-ಬಿಳುಪು, ಹಂಗಾಗಿ ಬಣ್ಣದ ಏರ್‌ಗ್ರಾಫ್ ಅಂತ ಯಾರಾದ್ರೂ ಜಾಸ್ತಿ ರೇಟ್ ಹೇಳಿದ್ರೆ ಬಣ್ಣ ಆಮೇಲೆ ಯಾರೋ ಹಚ್ಚಿದ್ದು ಅಂತಲೇ ಲೆಕ್ಕ.

1914ರಲ್ಲಿ ಬ್ರಿಟನ್ನಿನ ರಾಜಕುಮಾರಿ ಮೇರಿ ಹೆಸರಲ್ಲಿ ಹಿತ್ತಾಳೆ ಡಬ್ಬಿ ಜೊತೆ ಹಂಚಿದ ಕಾರ್ಡನ್ನ 'ಸೈನಿಕ ಕಳಿಸಿದ್ದು' ಅಂತ ಮಾರೋರಿದ್ದಾರೆ. ಅದು ಸೈನಿಕರಿಗೆ ಬಂದ ಉಡುಗೊರೆ, ಅವರು ಬರೆದದ್ದಲ್ಲ. ಭಾರತೀಯ ಸೈನಿಕರಿಗೂ ಅದು ಸಿಕ್ಕಿತ್ತು, ಅವರ ಪಾಲಿಗೆ ಕಲ್ಲುಸಕ್ಕರೆ, ಮಸಾಲೆ ಸಾಮಾನು ಇಟ್ಟು ಕೊಟ್ಟಿದ್ರು. ಚೆಂದದ ವಸ್ತುನೇ, ಬೇಕಿದ್ರೆ ಬೇರೆ ಫೈಲಲ್ಲಿಡಿ.

ಕೊಳ್ಳೋದು

ಆನ್‌ಲೈನ್ ಹರಾಜು, ಅಂಚೆಚೀಟಿ ಪ್ರದರ್ಶನಗಳಿಗೆ ಬರೋ ಡೀಲರ್‌ಗಳು, ಪರಿಚಯದವರ ಮನೆ ಹಳೇ ಆಲ್ಬಮ್, ಇಷ್ಟೇ ದಾರಿ. ಡೀಲರ್ ಹತ್ರ ಹೋಗೋದಾದ್ರೆ ಹತ್ತು ಪಟ್ಟು ದೊಡ್ಡದು ಮಾಡೋ ಭೂತಗನ್ನಡಿ, ನೋಟು ಚೆಕ್ ಮಾಡೋ ಯುವಿ ಟಾರ್ಚು ಜೇಬಲ್ಲಿರಲಿ. ಈಗಿನ ಕಾಗದಕ್ಕೆ ಬೆಳ್ಳಗೆ ಕಾಣ್ಲಿ ಅಂತ ಕೆಮಿಕಲ್ ಹಾಕಿರ್ತಾರೆ, ಯುವಿ ಬೆಳಕಲ್ಲಿ ಅದು ನೀಲಿಯಾಗಿ ಹೊಳೆಯುತ್ತೆ, ಆ ಕಾಲದ ಕಾಗದ ಹಂಗೆ ಹೊಳೆಯಲ್ಲ, ಮಂಕಾಗೇ ಇರುತ್ತೆ. ಒಂದು ಸಲ ನೋಡಿದ್ರೆ ಕಣ್ಣಿಗೆ ಅಭ್ಯಾಸ ಆಗಿಬಿಡತ್ತೆ.

ನಾನಂತೂ ಹೇಳೋದು ಇಷ್ಟೇ, ಬರಹ ಇಲ್ಲದ ಫಳಫಳ ಕಾರ್ಡ್ ತಗೋಬೇಡಿ. ಮೂಲೆ ಮುರಿದಿರಲಿ, ಕಲೆ ಇರಲಿ, ಹಿಂದೆ ಒಬ್ಬ ಮನುಷ್ಯ ಬರೆದಿರಬೇಕು. ಖಾಲಿ ಕಾರ್ಡ್ ಅಂಗಡಿ ಸರಕು, ಅದು ಯಾವ ಮನೆಗೂ ಹೋಗಿಲ್ಲ.

ಆಲ್ಬಮಿನಿಂದ ಬಿಡಿಸೋದು: ಎಲ್ಲರೂ ಕೆಡಿಸೋದು ಇಲ್ಲೇ

ಹಳೇ ಆಲ್ಬಮ್ ಸಿಕ್ಕಿತು ಅಂದ್ಕೊಳ್ಳಿ. ದಪ್ಪ ಕಪ್ಪು ಹಾಳೆ, ಅದರ ಮೇಲೆ ಅಂಟಿಸಿರೋ ಕಾರ್ಡುಗಳು. ಏನೂ ಮಾಡೋಕೆ ಮುಂಚೆ ಪ್ರತಿ ಪುಟದ ಪೂರ್ತಿ ಫೋಟೋ ತೆಗೀರಿ, ಯಾವ ಕಾರ್ಡಿನ ಪಕ್ಕ ಯಾವುದಿತ್ತು, ಕೆಳಗೆ ಯಾರು ಏನು ಬರೆದಿದ್ರು ಎಲ್ಲ ಬರಬೇಕು. ಆಮೇಲೆ ಮೂಲೆ ನೋಡಿ. ಕಾಗದದ ಮೂಲೆ-ಜೇಬಲ್ಲಿ ಸಿಗಿಸಿದ್ರೆ ಪುಣ್ಯ, ಮೆಲ್ಲಗೆ ಜಾರಿಸಿ ತೆಗೀಬಹುದು.

ಗೋಂದು ಹಾಕಿ ಅಂಟಿಸಿದ್ರೆ ಜನ ಮಾಡೋದು ಎರಡೇ: ಒಂದೋ ಉಗುರು ಹಾಕಿ ಎಬ್ಬಿಸ್ತಾರೆ, ಇಲ್ಲಾಂದ್ರೆ ಕುಕ್ಕರಿನ ಹಬೆ ಹಿಡೀತಾರೆ. ದಯವಿಟ್ಟು ಎರಡೂ ಬೇಡ. ಯಾಕೆ ಅಂದ್ರೆ ಆ ಕಾಲದ ಸೈನಿಕರು ಬಹಳಷ್ಟು ಬರೆದಿರೋದು ಕಾಪಿಯಿಂಗ್ ಪೆನ್ಸಿಲಲ್ಲಿ. ಕಂದಕದೊಳಗೆ ಇಂಕ್ ಬಾಟಲಿ ಎಲ್ಲಿಂದ ತರ್ತಾರೆ. ಒಣಗಿದ್ದಾಗ ಆ ಬರಹ ಮಾಮೂಲಿ ಸೀಸದ ಪೆನ್ಸಿಲ್ ತರ ಬೂದು ಬಣ್ಣ, ಯಾರಿಗೂ ಅನುಮಾನ ಬರಲ್ಲ, ಆದ್ರೆ ಅದರಲ್ಲಿ ನೇರಳೆ ಬಣ್ಣದ ಡೈ ಸೇರಿಸಿರ್ತಾರೆ, ಒಂದು ತೊಟ್ಟು ತೇವ ತಗುಲಿದ್ರೂ ಅಕ್ಷರ ನೇರಳೆಗೆ ತಿರುಗಿ ಹರಡಿಕೊಂಡು ಕಾಗದದೊಳಗೆ ಇಳಿದುಬಿಡುತ್ತೆ, ಮತ್ತೆ ಯಾರ ಕೈಯಲ್ಲೂ ಸರಿಮಾಡೋಕೆ ಆಗಲ್ಲ. ಎಲ್ಲೋ ಒಂದು ಅಕ್ಷರದ ಸುತ್ತ ನೇರಳೆ ಚುಕ್ಕೆ ಕಂಡ್ರೆ ಖಾತ್ರಿ ಮಾಡ್ಕೊಳ್ಳಿ, ಅದು ಕಾಪಿಯಿಂಗ್ ಪೆನ್ಸಿಲ್ಲೇ. ಹಬೆಗೆ ರೇಷ್ಮೆನೂ ಸುಕ್ಕುಗಟ್ಟತ್ತೆ, ಕೆಂಪು ದಾರ ಬಣ್ಣ ಬಿಡತ್ತೆ.

ಸರಿಯಾದ ಕ್ರಮ ಹೀಗೆ. ಕಾರ್ಡಿನ ಸುತ್ತ ಒಂದಿಂಚು ಬಿಟ್ಟು ಆಲ್ಬಮ್ ಹಾಳೆಯನ್ನೇ ಕತ್ತರಿಸಿ. ಹಾಳೆಯ ಹಿಂದೆ ಇನ್ನೊಂದು ಕಾರ್ಡ್ ಇದ್ರೆ ಕತ್ತರಿ ಹಾಕಬೇಡಿ, ಪುಟನ ಹಂಗೇ ಇಟ್ಬಿಡಿ. ಕತ್ತರಿಸಿದ್ದನ್ನ ಮೇಜಿನ ಮೇಲೆ ಬಿಳಿ ಕಾಗದ ಹಾಸಿ ಬೋರಲಾಗಿ ಮಲಗಿಸಿ, ಅಂದ್ರೆ ಕಾರ್ಡ್ ಕೆಳಗೆ, ಕಪ್ಪು ಹಾಳೆ ಮೇಲೆ. ರೇಷ್ಮೆ ಕಾರ್ಡಾದ್ರೆ ಕಸೂತಿ ಒತ್ತದ ಹಾಗೆ ಅಡಿಯಲ್ಲಿ ಮೆತ್ತನೆ ಹತ್ತಿ ಬಟ್ಟೆ ಹಾಕಿ. ಈಗ ಅಡಿಯಲ್ಲಿ ಕಾರ್ಡ್ ಇರೋ ಜಾಗದ ಮೇಲೆ ಒಂದು ಅಂಗೈ ಚಪ್ಪಟೆಯಾಗಿ ಊರಿ, ಇನ್ನೊಂದು ಕೈಯಲ್ಲಿ ಕಪ್ಪು ಹಾಳೆಯ ತುದಿ ಹಿಡಿದು ಹಿಂದಕ್ಕೆ ಮಡಚಿದಂಗೆ ಸುಲೀತಾ ಬನ್ನಿ. ಬಗ್ಗಬೇಕಾದ್ದು ಆಲ್ಬಮ್ ಹಾಳೆ, ಕಾರ್ಡ್ ಅಲ್ಲಾಡಬಾರದು. ಹಾಳೆ ಪದರ ಪದರವಾಗಿ ಎದ್ದು ಬರತ್ತೆ. ಗೋಂದು ಇರೋ ಮೂಲೆಗೆ ಬಂದಾಗ ನಿಲ್ಲಿಸಿ, ಮೇಣ ಹಚ್ಚದ ಡೆಂಟಲ್ ಫ್ಲಾಸ್ ದಾರವನ್ನ ಹಾಳೆಗೂ ಕಾರ್ಡಿಗೂ ಮಧ್ಯೆ ತೂರಿಸಿ ಗರಗಸದ ಹಾಗೆ ನಿಧಾನಕ್ಕೆ ಆಡಿಸಿ. ಬ್ಲೇಡ್ ಬೇಡವೇ ಬೇಡ. ಕೊನೆಗೆ ಕಾರ್ಡಿನ ಬೆನ್ನಿಗೆ ತೆಳ್ಳಗೆ ಕಪ್ಪು ಪದರ ಉಳ್ಕೊಳ್ಳುತ್ತೆ, ಅಲ್ಲಿಗೆ ಬಿಟ್ಬಿಡಿ. ಅದರ ಕೆಳಗೆ ಬರಹ ಇದೆ ಅನ್ನಿಸಿದ್ರೆ ಪೇಪರ್ ಕನ್ಸರ್ವೇಟರ್ (ಹಳೇ ಕಾಗದ ಕಾಪಾಡೋ ತಜ್ಞ) ಹತ್ರ ಕೊಡಿ, ಖರ್ಚಾದ್ರೂ ಪರವಾಗಿಲ್ಲ.

ಆನ್‌ಲೈನಲ್ಲಿ ಸ್ಟಿಕ್ಕರ್ ಅಂಟು ಬಿಡಿಸೋ ಸ್ಪ್ರೇ ಸಿಗುತ್ತೆ, ಅದನ್ನ ಹೊಡೆದ ಕಾರ್ಡ್ ಎಣ್ಣೆ ಕುಡಿದಂಗೆ ಆಗೋದನ್ನ ನೋಡಿದ್ದೀನಿ. ಅಂಗಡಿಯವ್ರು ಏನೇ ಹೇಳಲಿ, ತಗೋಬೇಡಿ.

ಹಿಂಬದಿ ಓದೋದು

ರೇಷ್ಮೆ ಕಾರ್ಡ್ ಹಿಂದೆ ಸ್ಟ್ಯಾಂಪು, ಸೀಲು ಇಲ್ಲ ಅಂತ ಸಂಶಯ ಪಡಬೇಡಿ, ದುಬಾರಿ ಕಾರ್ಡು ಅಂತ ಹೆಚ್ಚಾಗಿ ಪತ್ರದ ಜೊತೆ ಕವರಲ್ಲಿ ಹಾಕಿ ಕಳಿಸ್ತಿದ್ರು. ಕವರ್ ಸಿಕ್ಕಿದ್ರೆ 'ಆನ್ ಆ್ಯಕ್ಟಿವ್ ಸರ್ವಿಸ್' ಅನ್ನೋ ಬರಹ, ಫೀಲ್ಡ್ ಪೋಸ್ಟ್ ಆಫೀಸಿನ (ಸೇನೆಯ ಅಂಚೆಕಚೇರಿ) ಸೀಲು, ಸೆನ್ಸಾರ್ ಮುದ್ರೆ, ಕೆಳಗಿನ ಮೂಲೇಲಿ ಪತ್ರ ಓದಿ ಪಾಸ್ ಮಾಡಿದ ಆಫೀಸರ್ ಸಹಿ ಹುಡುಕಿ. ಸೀಲಲ್ಲಿ ಊರಿನ ಹೆಸರು ಬದಲು ನಂಬರ್ ಇರುತ್ತೆ, ಪಡೆ ಎಲ್ಲಿದೆ ಅಂತ ಶತ್ರುಗೆ ಗೊತ್ತಾಗಬಾರದಲ್ಲ. ಸೆನ್ಸಾರ್ ಮುದ್ರೆಯ ಆಕಾರ ಕಾಲಕಾಲಕ್ಕೆ ಬದಲಾಗಿದೆ, 1914ರಲ್ಲಿ ದುಂಡಗೆ, ಆಮೇಲೆ ಚೌಕ, ತ್ರಿಕೋನ, ಷಟ್ಕೋನ. ತಾರೀಕು ಅಳಿಸಿದ್ರೂ ಇದರಿಂದ ಅಂದಾಜು ಸಿಗುತ್ತೆ.

ಹೆಸರೂ ರೆಜಿಮೆಂಟ್ ನಂಬರೂ ಇದ್ರೆ, ಯುದ್ಧದಲ್ಲಿ ಸತ್ತವರ ಸಮಾಧಿ ನೋಡ್ಕೊಳ್ಳೋ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ವೆಬ್‌ಸೈಟಲ್ಲಿ ಫ್ರೀಯಾಗಿ ಹುಡುಕಬಹುದು, ಎರಡೂ ಯುದ್ಧದಲ್ಲಿ ಸತ್ತ ಸುಮಾರು 17 ಲಕ್ಷ ಜನರ ಹೆಸರಿದೆ. ಅಲ್ಲಿ ಹೆಸರು ಸಿಗದಿದ್ರೆ ಮನಸ್ಸಿಗೆ ಸಮಾಧಾನ ಆಗತ್ತೆ, ಮನೆಗೆ ವಾಪಸ್ ಹೋಗಿರಬಹುದು ಅಂತ. ಬ್ರಿಟಿಷ್ ಸೈನಿಕರ ಸರ್ವಿಸ್ ರೆಕಾರ್ಡ್ ಹುಡುಕುವಾಗ ಬರಿಗೈ ಆದ್ರೆ ಬೇಜಾರಾಗಬೇಡಿ, 1940ರ ಬಾಂಬ್ ದಾಳಿಯಲ್ಲಿ ಮೊದಲನೇ ಯುದ್ಧದ ಅರ್ಧಕ್ಕಿಂತ ಹೆಚ್ಚು ದಾಖಲೆ ಸುಟ್ಟುಹೋಗಿವೆ.

ನಮ್ಮವರು ಬೆಂಗಳೂರಿಗೆ ಸಂಬಂಧಪಟ್ಟಿದ್ದೂ ನೋಡ್ತಿರಬೇಕು. ಎರಡನೇ ಯುದ್ಧದಲ್ಲಿ ಇಲ್ಲಿ ಇಟಾಲಿಯನ್ ಯುದ್ಧಕೈದಿಗಳ ಕ್ಯಾಂಪ್‌ಗಳಿದ್ವು, ಅವರ ಟಪಾಲಿನ ಮೇಲೆ ಯುದ್ಧಕೈದಿ ಅಂಚೆ ಅಂತ ಗುರುತಿರುತ್ತೆ, ಅಂಚೆ ಖರ್ಚಿಲ್ಲ. ಡಿಸೆಂಬರ್ ತಾರೀಕಿಂದು ಸಿಕ್ಕಿದ್ರೆ ಬಿಡಬೇಡಿ.

ಇಡೋದು

ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಕವರ್ ಮಾತ್ರ. ಹೊಸ ರೇನ್‌ಕೋಟ್ ವಾಸನೆ ಹೊಡೆಯೋ ಪಿವಿಸಿ ಕವರು, ಅಂಟು ಹಾಳೆಯ ಫೋಟೋ ಆಲ್ಬಮ್, ಲ್ಯಾಮಿನೇಷನ್, ಸೆಲ್ಲೋಟೇಪ್ ಹತ್ರಾನೂ ಬೇಡ. ರೇಷ್ಮೆ ಕಾರ್ಡನ್ನ ಬಿಗಿ ಕವರಿಗೆ ತುರುಕಬೇಡಿ, ಆಸಿಡ್ ಇಲ್ಲದ ದಪ್ಪ ಕಾಗದದಲ್ಲಿ ಕಿಟಕಿ ಕತ್ತರಿಸಿ ಚೌಕಟ್ಟು ಮಾಡಿ ಇಡಿ, ಕಸೂತಿಗೆ ಏನೂ ತಾಗಬಾರದು. ಫ್ರೇಮ್ ಹಾಕಿ ಹಾಲಲ್ಲಿ ತೂಗುಹಾಕೋ ಆಸೆ ಇದ್ರೆ ಕಲರ್ ಫೋಟೋಕಾಪಿ ತೂಗುಹಾಕಿ, ಬಿಸಿಲಿಗೆ ರೇಷ್ಮೆ ಪುಡಿಪುಡಿಯಾಗತ್ತೆ.

ಮಂಗಳೂರು, ಉಡುಪಿ, ಮಲೆನಾಡು ಕಡೆಯವ್ರು ಮಳೆಗಾಲದಲ್ಲಿ ಡಬ್ಬಿಯೊಳಗೆ ಸಿಲಿಕಾ ಜೆಲ್ ಇಟ್ಟು ಆಗಾಗ ಬದಲಾಯಿಸಿ, ಬೀರುನ ಗೋಡೆಯಿಂದ ಸ್ವಲ್ಪ ದೂರ ಸರಿಸಿ. ನುಸಿಗುಳಿಗೆ ಕಾರ್ಡಿಗೆ ತಾಗೋ ಹಾಗೆ ಹಾಕಬೇಡಿ. ಎಲ್ಲಿ ಕೊಂಡ್ರಿ, ಜೊತೆಗೆ ಯಾವ ಕವರ್ ಇತ್ತು, ಏನು ಓದಿದ್ರಿ ಅನ್ನೋದನ್ನ ಬೇರೆ ಚೀಟಿಯಲ್ಲಿ ಪೆನ್ಸಿಲಲ್ಲಿ ಬರೆದು ಅದೇ ಕವರೊಳಗೆ ಹಾಕಿ, ಕಾರ್ಡಿನ ಮೇಲೆ ನಿಮ್ಮ ನಂಬರ್ ಬರೀಬೇಡಿ.