ವೇರಿಯಬಲ್ ರೇಶಿಯೋ ರ‍್ಯಾಕ್ ಹಾಕಿಸ್ತೀರಾ? ಮೊದಲು ನಡು ಗುರುತು ಮಾಡಿ
ಕಾರಿಗೆ ವೇರಿಯಬಲ್ ರೇಶಿಯೋ (ವೀಲ್ ತಿರುಗಿಸುತ್ತಾ ಹೋದಂತೆ ಚುರುಕು ಬದಲಾಗುವ) ಸ್ಟೀರಿಂಗ್ ರ‍್ಯಾಕ್ ಹಾಕಿಸುವವರು, ಕೂರಿಸುವ ಮೊದಲೇ ಅದನ್ನು ಟೇಬಲ್ ಮೇಲಿಟ್ಟು ನಡು ಹುಡುಕಿ. ಪಿನಿಯನ್ (ರ‍್ಯಾಕ್‌ನ ಹಲ್ಲಿನ ಸರಳನ್ನು ಎಡಬಲಕ್ಕೆ ಸರಿಸುವ ಹಲ್ಲುಗಾಲಿ) ಅನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ ಸುತ್ತು ಎಣಿಸಿ, ಅರ್ಧಕ್ಕೆ ವಾಪಸ್ ತನ್ನಿ. ಪಿನಿಯನ್‌ನಿಂದ ಹೊರಕವಚವಾದ ಹೌಸಿಂಗ್‌ವರೆಗೆ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆಯಿರಿ. ಕಾಲಂ (ಸ್ಟೀರಿಂಗ್ ವೀಲಿನಿಂದ ಬರುವ ದಂಡ) ಜೋಡಿಸುವಾಗ ಗೆರೆ ಕೂಡಿರಲಿ, ಸ್ಟೀರಿಂಗ್ ವೀಲೂ ನೇರ ಇರಲಿ. ಮಾಮೂಲಿ ರ‍್ಯಾಕ್‌ನಲ್ಲಿ ಹಲ್ಲುಗಳೆಲ್ಲ ಒಂದೇ ತರ, ನಡು ಸ್ವಲ್ಪ ಆಚೀಚೆ ಆದರೂ ತಿರುಗುವ ಚುರುಕು ಬದಲಾಗುವುದಿಲ್ಲ. ವೇರಿಯಬಲ್ ರೇಶಿಯೋದಲ್ಲಿ ಹಲ್ಲಿನ ಅಂತರವೂ ಓರೆಯೂ ನಡುವಿನಿಂದ ತುದಿಗೆ ಬದಲಾಗುತ್ತಾ ಹೋಗುತ್ತವೆ. ಗೆರೆ ತಪ್ಪಿತೋ, ಒಂದು ಕಡೆ ಚುರುಕು, ಇನ್ನೊಂದು ಕಡೆ ಮಂದ. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೋಗುವಾಗ ಹೈವೇ 48 ಬಿಟ್ಟು ಸರ್ವಿಸ್ ರೋಡಿಗೆ ಹೊರಳುವಲ್ಲಿ ಇದು ಕೈಗೆ ಚೆನ್ನಾಗಿ ಗೊತ್ತಾಗುತ್ತದೆ, ಅಪಾಯವೂ ಹೌದು. ಆಮೇಲೆ ವೀಲ್ ಸೊಟ್ಟ ಕಂಡರೆ ಅದನ್ನು ಬಿಚ್ಚಿ ಒಂದು ಹಲ್ಲು ದಾಟಿಸಿ ಕೂರಿಸಲು ದಯವಿಟ್ಟು ಬಿಡಬೇಡಿ. ಅದು ಸುಮ್ನೆ ತಪ್ಪು ಮುಚ್ಚಿಟ್ಟ ಹಾಗೆ. ಬದಲಿಗೆ ಒಂದು ಟೈ ರಾಡ್ (ರ‍್ಯಾಕ್ ತುದಿಯನ್ನು ಚಕ್ರಕ್ಕೆ ಜೋಡಿಸುವ ಸರಳು) ಎಷ್ಟು ಗಿಡ್ಡ ಮಾಡಿದಿರೋ ಇನ್ನೊಂದನ್ನು ಅಷ್ಟೇ ಉದ್ದ ಮಾಡಿಸಿ, ಅಲೈನ್‌ಮೆಂಟ್ ನೋಡಿಸಿ. ಟೈ ರಾಡ್ ಬಾಗಿದ್ದರೆ ಅಥವಾ ಕ್ರಾಸ್ ಮೆಂಬರ್ (ರ‍್ಯಾಕ್ ಕೂರುವ ಅಡ್ಡ ಚೌಕಟ್ಟು) ಸರಿದಿದ್ದರೆ ಮಾತ್ರ ಗೆರೆಯೊಂದರಿಂದ ಆಗುವುದಿಲ್ಲ, ಮೊದಲು ಅದನ್ನು ಸರಿಪಡಿಸಬೇಕು. ಸ್ಟೀರಿಂಗ್ ಆಂಗಲ್ ಸೆನ್ಸರ್ (ವೀಲ್ ಎಷ್ಟು ತಿರುಗಿದೆ ಎಂದು ಅಳೆಯುವ ಸಾಧನ) ಇರುವ ಕಾರಾದರೆ ಸ್ಕ್ಯಾನರ್ ಹಾಕಿ ಅದರ ಸೊನ್ನೆಯನ್ನೂ ಹೊಸದಾಗಿ ಹೊಂದಿಸಲೇಬೇಕು.