ಲೇಕ್ ಪೊವೆಲ್‌ನಲ್ಲಿ ಸ್ಟ್ರೈಪರ್ ಹಿಡಿಯುವುದು ಹೇಗೆ?

ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್‌ನಿಂದ ಉತ್ತರಕ್ಕೆ ಸುಮಾರು ನಾಲ್ಕೂವರೆ ಗಂಟೆ ಕಾರು ಓಡಿಸಿದರೆ ಪೇಜ್ ಎಂಬ ಊರು ಸಿಗುತ್ತದೆ. ಸುತ್ತ ಬರೀ ಮರಳುಗಾಡು, ಕೆಂಪು ಬಂಡೆ. ನಡುವೆ ಕೊಲೊರಾಡೊ ನದಿಯನ್ನು ಗ್ಲೆನ್ ಕ್ಯಾನಿಯನ್ ಅಣೆಕಟ್ಟೆ ತಡೆದು ನಿಲ್ಲಿಸಿದ ನೀಲಿ ನೀರು, ಅದೇ ಲೇಕ್ ಪೊವೆಲ್. ಸ್ಟ್ರೈಪರ್ ಅಂದರೆ ಅಲ್ಲಿ ಸಿಗುವ ಸ್ಟ್ರೈಪ್ಡ್ ಬಾಸ್ ಎಂಬ ಮೀನು. 1963ರಲ್ಲಿ ನೀರು ನಿಲ್ಲತೊಡಗಿ, ಪೂರ್ತಿ ತುಂಬಿದ್ದು 1980ಕ್ಕೆ. ಈಗ ನೀರು ತುಂಬಾ ಇಳಿದಿದೆ. ಮೊದಲು ಎಲ್ಲಿಯವರೆಗೆ ಇತ್ತು ಅನ್ನೋದನ್ನು ಬಂಡೆಗಳ ಮೇಲಿನ ಬಿಳಿ ಪಟ್ಟಿಯೇ ತೋರಿಸುತ್ತದೆ.

ಹಾಗಾಗಿ ಮೊದಲ ಕೆಲಸ, ದೋಣಿ ಇಳಿಸಲು ನೀವು ಹೋಗುವ ಇಳಿಜಾರಿಗೆ, ಅಂದರೆ ರ್‍ಯಾಂಪ್‌ಗೆ ನೀರು ತಲುಪುತ್ತಿದೆಯಾ ಅಂತ ಮನೆಯಲ್ಲೇ ವಿಚಾರಿಸಿ. ಹಳೆಯ ನಕ್ಷೆಯನ್ನೂ ನಂಬಬೇಡಿ. ಹೋದ ವರ್ಷ ಆಳದಲ್ಲಿದ್ದ ಬಂಡೆ ಈ ವರ್ಷ ಮೇಲಿಂದ ಗೇಣುದ್ದ ಕೆಳಗೇ ಇರಬಹುದು. ಮೀನು ಹಿಡಿಯಲು ಅರಿಜೋನಾ ಅಥವಾ ಯೂಟಾ, ಯಾವುದಾದರೂ ಒಂದು ರಾಜ್ಯದ ಲೈಸೆನ್ಸ್ ಸಾಕು.

ಬೆಳಕು ಹರಿಯುವ ಮುಂಚೆಯೇ ದೋಣಿ ಇಳಿಸಿ. ಮಧ್ಯಾಹ್ನದ ಮೇಲೆ ಗಾಳಿ ಏಳುತ್ತದೆ, ಕಡಿದಾದ ಬಂಡೆಗೋಡೆಗೆ ಬಡಿದ ಅಲೆ ವಾಪಸ್ ಬಂದು ಎದುರಿನ ಅಲೆಗೆ ಡಿಕ್ಕಿ ಹೊಡೆದಾಗ ಚಿಕ್ಕ ದೋಣಿ ಎತ್ತ ತಿರುಗಿಸಬೇಕು ಅಂತಲೇ ತಿಳಿಯುವುದಿಲ್ಲ. 12 ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳು ಲೈಫ್ ಜಾಕೆಟ್ ಹಾಕಿಕೊಂಡೇ ಇರಬೇಕು. ದೊಡ್ಡವರೂ ಹಾಕಿಕೊಳ್ಳಿ ಅಂತ ಕೈಮುಗಿದು ಕೇಳುತ್ತೇನೆ. ಇಂಜಿನ್ ಓಡುತ್ತಿರುವಾಗ ದೋಣಿಯ ಹಿಂದೆ ಯಾರೂ ಈಜಬಾರದು. ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಈ ಕೆರೆಯಲ್ಲೇ ಅದು ಜೀವ ತೆಗೆದಿದೆ.

ಈಗ ಮೀನು. ಗಾಳಕ್ಕೆ ಸಿಕ್ಕಿಸಲು ಹೆಪ್ಪುಗಟ್ಟಿಸಿದ ಆಂಚೊವಿ ತನ್ನಿ, ನಮ್ಮ ಬೂತಾಯಿಗಿಂತ ಸಣ್ಣ ಮೀನು ಅದು. ಪೂರ್ತಿ ಕರಗುವ ಮುಂಚೆಯೇ ಮೂರು ತುಂಡು ಮಾಡಿ, ಮೆತ್ತಗಾದರೆ ಗಾಳದಲ್ಲಿ ನಿಲ್ಲುವುದಿಲ್ಲ. ಬಂಡೆಗೋಡೆಯ ಹತ್ತಿರ ದೋಣಿ ನಿಲ್ಲಿಸಿ, ಒಂದು ಹಿಡಿ ಚೂರುಗಳನ್ನು ನೀರಿಗೆ ಎರಚಿ. ಆಮೇಲೆ ಗಾಳ ಬಿಟ್ಟು, ದಾರ ಸಡಿಲವಾಗಿಯೇ ಇಳಿಯಲಿ. ಇಳಿಯುತ್ತಿದ್ದ ದಾರ ಇದ್ದಕ್ಕಿದ್ದಂತೆ ನಿಂತರೆ ಅಥವಾ ಪಕ್ಕಕ್ಕೆ ಸರಿದರೆ ತಕ್ಷಣ ಎಳೆಯಿರಿ. ಸ್ಟ್ರೈಪರ್ ಗುಂಪಾಗಿ ಓಡಾಡುವ ಮೀನು, ಒಂದು ಸಿಕ್ಕಿತು ಅಂದರೆ ಜಾಗ ಬಿಡಬೇಡಿ, ಇನ್ನಷ್ಟು ಚೂರು ಎರಚಿ. 1974ರಲ್ಲಿ ತಂದು ಬಿಟ್ಟ ಮೀನು ಇಲ್ಲೇ ಮೊಟ್ಟೆಯಿಟ್ಟು ಎಷ್ಟು ಹೆಚ್ಚಿದೆ ಅಂದರೆ, ಇಷ್ಟೇ ಹಿಡಿಯಬೇಕು ಅನ್ನುವ ಮಿತಿಯೇ ಇಲ್ಲ.

ಹಿಡಿದ ಕೂಡಲೇ ಕಿವಿರು ಕೊಯ್ದು ರಕ್ತ ಬಸಿದು ಐಸ್‌ಗೆ ಹಾಕಿ, ಬಿಸಿಲಿಗೆ ಬೇಗ ಕೆಡುತ್ತದೆ. ಕೆಂಪು ಮಾಂಸ ಕೆತ್ತಿ ತೆಗೆದರೆ ವಾಸನೆ ಇರುವುದಿಲ್ಲ, ರವಾ ಫ್ರೈಗೆ ಬಲು ಚೆನ್ನ. ಆದರೆ ಅಣೆಕಟ್ಟೆ ಕಡೆಯ ಸ್ಟ್ರೈಪರ್‌ನಲ್ಲಿ ಪಾದರಸ ಇರುವುದರಿಂದ ಗರ್ಭಿಣಿಯರಿಗೂ ಮಕ್ಕಳಿಗೂ ಕೊಡುವ ಮುಂಚೆ ಸರ್ಕಾರದ ಸೂಚನೆ ಓದಿ.

ವಾಪಸ್ ಬಂದಾಗ ಎಷ್ಟೇ ಸುಸ್ತಾಗಿದ್ದರೂ ರ್‍ಯಾಂಪ್ ಬಳಿಯೇ ದೋಣಿಯ ತಳದ ಬಿರಡೆ ತೆಗೆದು ನೀರೆಲ್ಲ ಸುರಿಸಿ. ಇಲ್ಲಿ ಕ್ವಾಗಾ ಎಂಬ ಪುಟ್ಟ ಚಿಪ್ಪುಮೀನು ಸೇರಿಕೊಂಡಿದೆ, ಕಣ್ಣಿಗೆ ಕಾಣದ ಅದರ ಮರಿಗಳು ಉಳಿದ ನೀರಲ್ಲೇ ಬೇರೆ ಕೆರೆಗೆ ಹೋಗಿಬಿಡುತ್ತವೆ. ಬೇಸಿಗೆಯಲ್ಲಾದರೆ ಕನಿಷ್ಠ 7 ದಿನ ದೋಣಿ ಒಣಗಲಿ. ಬಿರಡೆ ಮಾತ್ರ ಮುಂದಿನ ಸಲದವರೆಗೆ ಕಾರಿನ ಕೀ ಜೊತೆಗೇ ಇಟ್ಟಿರಿ.